ಬೇಸ್‌ಬಾಲ್ ಅನಾಲಿಟಿಕ್ಸ್ ಕೇಸ್ ಸ್ಪರ್ಧೆಗೆ ಹೊರಟಿದ್ದೇವೆ. ತಂಡದೊಳಗೇ ಜಗಳ ಶುರುವಾಗಿದೆ, ಯಾರು ಸರಿ ಹೇಳಿ

ಮರಳುಗಾಡಿನ_ಮಲೆನಾಡಿಗ:
ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯವನು, ಈಗ ಅರಿಝೋನಾದಲ್ಲಿ ಡೇಟಾ ಸೈನ್ಸ್ ಎಂಎಸ್ ಓದುತ್ತಿದ್ದೇನೆ. ಫೀನಿಕ್ಸ್‌ನಲ್ಲಿ ಸೇಬರ್ (ಬೇಸ್‌ಬಾಲ್ ಸಂಶೋಧಕರ ಸಂಘ) ಅನಾಲಿಟಿಕ್ಸ್ ಸಮ್ಮೇಳನ ಆಗುತ್ತದಲ್ಲ, ಅದರ ಜೊತೆಗೆ ಡೈಮಂಡ್ ಡಾಲರ್ಸ್ ಅಂತ ವಿದ್ಯಾರ್ಥಿಗಳ ಕೇಸ್ ಸ್ಪರ್ಧೆ ಇರುತ್ತದೆ. ನಾಲ್ಕೈದು ಜನರ ತಂಡ. ಕ್ಲಬ್‌ನ ಜನರಲ್ ಮ್ಯಾನೇಜರ್ ತಲೆ ಕೆಡಿಸಿಕೊಳ್ಳುವಂಥ ಒಂದು ಪ್ರಶ್ನೆ ಕೊಡುತ್ತಾರೆ. ಕೆಲವೇ ದಿನದಲ್ಲಿ ಲೆಕ್ಕ ಹಾಕಿ, ಸ್ಲೈಡ್ ಮಾಡಿ, ತೀರ್ಪುಗಾರರ ಮುಂದೆ ನಿಂತು ಹೇಳಬೇಕು. ತೀರ್ಪುಗಾರರಲ್ಲಿ ಮೇಜರ್ ಲೀಗ್ ಕ್ಲಬ್‌ಗಳ ಆಫೀಸಿನಲ್ಲಿ ಕೆಲಸ ಮಾಡುವವರೇ ಇರುತ್ತಾರೆ, ಅದೇ ಭಯ.

ಅಭ್ಯಾಸಕ್ಕೆ ಅಂತ ನಾವೇ ಒಂದು ಕೇಸ್ ಮಾಡಿಕೊಂಡೆವು. ಮೇಜರ್ ಲೀಗ್‌ನಲ್ಲಿ ಎರಡು ವರ್ಷ ಸರ್ವಿಸ್ ಆಗಿರುವ ಒಬ್ಬ ಒಳ್ಳೆಯ ಪಿಚರ್ (ಕ್ರಿಕೆಟ್‌ನ ಬೌಲರ್ ಇದ್ದ ಹಾಗೆ). ಅವನಿಗೆ ಈಗಲೇ ಆರು ವರ್ಷಕ್ಕೆ 70 ಮಿಲಿಯನ್ ಡಾಲರ್ ಕೊಟ್ಟು ಉಳಿಸಿಕೊಳ್ಳಬೇಕಾ, ಅಥವಾ ವರ್ಷ ವರ್ಷ ಎಷ್ಟಾಗುತ್ತದೋ ಅಷ್ಟು ಕೊಡುತ್ತಾ ಹೋಗಬೇಕಾ?

ತಂಡದ ಇಬ್ಬರು ಸ್ಟ್ಯಾಟ್‌ಕ್ಯಾಸ್ಟ್‌ನ (ಲೀಗ್‌ನ ಅಳತೆ ವ್ಯವಸ್ಥೆ) ಪ್ರತಿಯೊಂದು ಪಿಚ್‌ನ, ಅಂದರೆ ಎಸೆತದ, ಡೇಟಾ ಇಳಿಸಿಕೊಂಡು ಎಕ್ಸ್‌ಜಿಬೂಸ್ಟ್ ಅನ್ನುವ ಮಷೀನ್ ಲರ್ನಿಂಗ್ ಸಾಧನದಲ್ಲಿ ದೊಡ್ಡ ಮಾಡೆಲ್ ಕಟ್ಟುತ್ತಿದ್ದಾರೆ. ನನಗೆ ಅನಿಸುವುದು, ಐದು ಸ್ಲೈಡ್ ಸಾಕು, ಕೊಡಿ ಅಥವಾ ಬೇಡ ಅಂತ ನೇರ ಉತ್ತರ ಬೇಕು. ನಿನ್ನೆ ರಾತ್ರಿ ಇದೇ ವಿಷಯಕ್ಕೆ ಮಾತು ಜೋರಾಯಿತು. ಇನ್ನೊಂದು ಪ್ರಶ್ನೆ: ನಾನು ಕ್ರಿಕೆಟ್ ಬಿಟ್ಟರೆ ಬೇರೆ ನೋಡಿ ಬೆಳೆದವನಲ್ಲ. ಈ ತಂಡದಲ್ಲಿ ನನ್ನಿಂದ ಏನಾದರೂ ಉಪಯೋಗ ಇದೆಯಾ?

ಹೊಸ_ಚೆಂಡು:
ಮೊದಲು ಇದು ಹೇಳು ಗುರು, ಬೇಸ್‌ಬಾಲ್‌ನಲ್ಲಿ ಎಷ್ಟು ಓವರ್?

ಥರ್ಡ್_ಅಂಪೈರ್:
ಒಂಬತ್ತು ಇನಿಂಗ್ಸ್, ಪ್ರತಿ ಇನಿಂಗ್ಸ್‌ಗೆ ಒಂದೊಂದು ತಂಡಕ್ಕೆ ಮೂರು ಔಟ್. ಆಯ್ತಲ್ಲ, ಈಗ ಪ್ರಶ್ನೆಗೆ ಬನ್ನಿ.

ಎಕ್ಸೆಲ್_ಅಣ್ಣ:
ತಮ್ಮಾ, ಮಾಡೆಲ್ ಪಕ್ಕಕ್ಕಿಡು. ಒಂದು ಹಾಳೆ ತಗೋ. ಸಂಬಳದ ನಿಯಮ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮೇಜರ್ ಲೀಗ್‌ಗೆ ಬಂದ ಮೊದಲ ಮೂರು ವರ್ಷ ಆಟಗಾರನಿಗೆ ಹೆಚ್ಚುಕಮ್ಮಿ ಕನಿಷ್ಠ ಸಂಬಳವೇ. 2026ಕ್ಕೆ ಅದು 780,000 ಡಾಲರ್. ಆಮೇಲೆ ಮೂರು ವರ್ಷ ಆರ್ಬಿಟ್ರೇಶನ್, ಅಂದರೆ ಸಂಬಳದ ಬಗ್ಗೆ ಒಪ್ಪಂದ ಆಗದಿದ್ದರೆ ಮಧ್ಯಸ್ಥಗಾರರು ತೀರ್ಮಾನಿಸುತ್ತಾರೆ. ಆರು ವರ್ಷ ಸರ್ವಿಸ್ ಮುಗಿದ ಮೇಲೆ ಫ್ರೀ ಏಜೆಂಟ್, ಎಲ್ಲಿ ಬೇಕಾದರೂ ಹೋಗಬಹುದು.

ನಿಮ್ಮ ಪಿಚರ್‌ಗೆ ಎರಡು ವರ್ಷ ಆಗಿದೆ. ಅಂದರೆ ಮುಂದಿನ ಆರು ವರ್ಷದಲ್ಲಿ ಒಂದು ಕನಿಷ್ಠ ಸಂಬಳದ್ದು, ಮೂರು ಆರ್ಬಿಟ್ರೇಶನ್, ಎರಡು ಫ್ರೀ ಏಜೆನ್ಸಿ. ಅವನು ವರ್ಷಕ್ಕೆ 3 ವಾರ್ ಕೊಡುತ್ತಾನೆ ಅಂತ ಇಟ್ಟುಕೊಳ್ಳಿ. (ವಾರ್ ಅಂದರೆ ಎಲ್ಲರಿಗೂ ಸುಲಭವಾಗಿ ಸಿಗುವ ಸಾಧಾರಣ ಆಟಗಾರನ ಬದಲು ಇವನಿದ್ದರೆ ತಂಡ ಎಷ್ಟು ಪಂದ್ಯ ಜಾಸ್ತಿ ಗೆಲ್ಲುತ್ತದೆ ಅನ್ನುವ ಅಂದಾಜು.) ಮಾರುಕಟ್ಟೆಯಲ್ಲಿ ಒಂದು ವಾರ್‌ಗೆ ಸುಮಾರು 8 ಮಿಲಿಯನ್ ಅಂತ ಜನ ಲೆಕ್ಕ ಹಾಕುತ್ತಾರೆ. ಹಾಗಾದರೆ ಅವನ ಮಾರುಕಟ್ಟೆ ಬೆಲೆ ವರ್ಷಕ್ಕೆ 24. ಆರ್ಬಿಟ್ರೇಶನ್ ವರ್ಷಗಳಲ್ಲಿ ಅದರ 40, 60, 80 ಪರ್ಸೆಂಟ್ ಸಿಗುತ್ತದೆ ಅನ್ನುವುದು ಹಳೆಯ ಕೈಲೆಕ್ಕ: 9.6, 14.4, 19.2. ಮೊದಲ ವರ್ಷ 0.78. ಕೊನೆಯ ಎರಡು ವರ್ಷ 24, 24. ಎಲ್ಲ ಕೂಡಿಸಿದರೆ ಸುಮಾರು 92.

92ರ ಸಾಮಾನು 70ಕ್ಕೆ ಸಿಗುತ್ತಿದೆ. 22 ಮಿಲಿಯನ್ ಉಳಿತಾಯ. ಸೈನ್ ಮಾಡಿ, ಮನೆಗೆ ಹೋಗಿ ಮಲಗಿ.

ಸುಮ್ನೆ_ಓದೋನು:
ಮಿಲಿಯನ್ ಬೇಡ ಅಣ್ಣಾ, ಕೋಟಿಯಲ್ಲಿ ಹೇಳಿ.

ಎಕ್ಸೆಲ್_ಅಣ್ಣ:
70 ಮಿಲಿಯನ್ ಡಾಲರ್ ಅಂದರೆ 7 ಕೋಟಿ ಡಾಲರ್. ರೂಪಾಯಿಯಲ್ಲಿ ಆರುನೂರು ಕೋಟಿ ಆಸುಪಾಸು.

ಆರ್‌ಸಿಬಿ_ನಿಷ್ಠೆ:
ಆರುನೂರು ಕೋಟಿ ಒಬ್ಬ ಪಿಚರ್‌ಗಾ! 2025ರ ಐಪಿಎಲ್ ಹರಾಜಿನಲ್ಲಿ ಒಂದಿಡೀ ತಂಡದ ಪರ್ಸ್ 120 ಕೋಟಿ. ಪಂತ್‌ಗೆ ಲಕ್ನೋದವರು 27 ಕೋಟಿ ಕೊಟ್ಟಿದ್ದಕ್ಕೇ ನಾವು ವಾರಗಟ್ಟಲೆ ಬಾಯಿ ಬಡಿದುಕೊಂಡೆವು.

ಥರ್ಡ್_ಅಂಪೈರ್:
ಅಲ್ಲಿ ಒಂದು ಸೀಸನ್‌ಗೆ 162 ಪಂದ್ಯ ಸ್ವಾಮಿ. ಇಲ್ಲಿ ಲೀಗ್ ಹಂತದಲ್ಲಿ 14. ಹುವಾನ್ ಸೋಟೊಗೆ ಮೆಟ್ಸ್‌ನವರು 2024ರ ಡಿಸೆಂಬರ್‌ನಲ್ಲಿ 15 ವರ್ಷಕ್ಕೆ 765 ಮಿಲಿಯನ್ ಕೊಟ್ಟರು. ಅದರ ಮುಂದೆ ಈ 70 ಚಿಲ್ಲರೆ.

ಚರ್ಮುರಿ_ಪ್ರಿಯೆ:
ಎಕ್ಸೆಲ್ ಅಣ್ಣಾ, ಕೂಡಿಸಿದ್ದು ಸರಿ. ಆದರೆ ಮುಖ್ಯವಾದದ್ದೇ ಬಿಟ್ಟುಹೋಗಿದೆ. ಇವನು ಪಿಚರ್. ಮೊಣಕೈ ಲಿಗಮೆಂಟ್ ಹರಿದರೆ ಟಾಮಿ ಜಾನ್ ಆಪರೇಶನ್, ಒಂದು ವರ್ಷಕ್ಕಿಂತ ಜಾಸ್ತಿ ಮೈದಾನದಿಂದ ಹೊರಗೆ. ವಾಪಸ್ ಬಂದರೂ ಮೊದಲಿನ ಹಾಗೆ ಎಸೆಯುತ್ತಾನೆ ಅನ್ನುವ ಭರವಸೆ ಇಲ್ಲ.

ವರ್ಷ ವರ್ಷ ಸಂಬಳ ಕೊಡುವಾಗ ಕ್ಲಬ್‌ಗೆ ಒಂದು ಹಕ್ಕಿದೆ. ಈ ವರ್ಷ ಬೇಡ ಅಂದರೆ ಒಪ್ಪಂದ ಕೊಡದೆ ಬಿಟ್ಟುಬಿಡಬಹುದು. ಆರು ವರ್ಷದ ಕಾಗದಕ್ಕೆ ಸೈನ್ ಹಾಕಿದ ದಿನ ಆ ಹಕ್ಕು ಹೋಯಿತು. ಕೈ ಕೆಟ್ಟರೂ 70 ಕೊಡಲೇಬೇಕು.

ಈಗ ಇನ್ನೊಂದು ಸಲ ಲೆಕ್ಕ ಹಾಕಿ. ಎರಡನೇ ವರ್ಷ ಮುಗಿಯುವಷ್ಟರಲ್ಲಿ ಅವನ ಕೈ ಪೂರ್ತಿ ಕೆಡುವ ಸಾಧ್ಯತೆ ನಾಲ್ಕರಲ್ಲಿ ಒಂದು ಅಂತಿಟ್ಟುಕೊಳ್ಳಿ. ಹಾಗಾದರೆ ವರ್ಷ ವರ್ಷದ ದಾರಿಯಲ್ಲಿ ಕ್ಲಬ್ ಕೊಟ್ಟಿರುವುದು 0.78 ಮತ್ತು 9.6, ಒಟ್ಟು 10.4 ಮಾತ್ರ. 92ರ ಮುಕ್ಕಾಲು 69, 10.4ರ ಕಾಲು ಭಾಗ 2.6. ಒಟ್ಟು 71.6. ನಿಮ್ಮ 22 ಮಿಲಿಯನ್ ಉಳಿತಾಯ 1.6ಕ್ಕೆ ಇಳಿಯಿತು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಆ ಸಾಧ್ಯತೆ ಸುಮಾರು 27 ಪರ್ಸೆಂಟ್ ಆದರೆ ಎರಡೂ ದಾರಿ ಸಮ. ಅದಕ್ಕಿಂತ ಕಡಿಮೆ ಇದ್ದರೆ ಸೈನ್ ಮಾಡಿ, ಜಾಸ್ತಿ ಇದ್ದರೆ ಬೇಡ. ಮಲೆನಾಡಿಗರೇ, ನಿಮ್ಮ ಮೂರನೇ ಸ್ಲೈಡ್ ಇದೇ. ಇಂಥ ಸ್ಪರ್ಧೆಗಳಲ್ಲಿ ನಾನೂ ನಿಂತಿದ್ದೇನೆ. ತೀರ್ಪುಗಾರರು ಬಂದುಬಂದು ಕೇಳುವುದು ಒಂದನ್ನೇ: ನಿಮ್ಮ ಅಂದಾಜು ಎಷ್ಟು ತಪ್ಪಾದರೆ ನಿಮ್ಮ ಉತ್ತರ ಬದಲಾಗುತ್ತದೆ?

ಎಕ್ಸೆಲ್_ಅಣ್ಣ:
ಅಕ್ಕಾ, ಕೈ ಕೆಡುವುದು ಹೌದು ಇಲ್ಲ ಅನ್ನುವ ಹಾಗಿರಲ್ಲ. ಅರ್ಧ ಕೆಡುತ್ತದೆ, ರಿಲೀವರ್ (ಪಂದ್ಯದ ಮಧ್ಯೆ ಬದಲಿಗೆ ಇಳಿಯುವ ಪಿಚರ್) ಆಗುತ್ತಾನೆ, 1 ವಾರ್ ಕೊಡುತ್ತಾನೆ.

ಚರ್ಮುರಿ_ಪ್ರಿಯೆ:
ಇರಲಿ, ಇನ್ನೊಂದು ಸಾಲು ಸೇರಿಸಿ. ಲೆಕ್ಕದ ರೀತಿ ಬದಲಾಗಲ್ಲವಲ್ಲ.

ಪಿಚ್_ರಿಪೋರ್ಟ್:
ಎಲ್ಲರೂ ಸೇರಿ ಮಾಡೆಲ್ ಕಟ್ಟುವ ಹುಡುಗರನ್ನು ಬಯ್ಯುತ್ತಿದ್ದೀರಿ. ನಾನು ಅವರ ಪರ. ಆ 25 ಪರ್ಸೆಂಟ್ ಎಲ್ಲಿಂದ ಬಂತು? ಚರ್ಮುರಿ ಅವರು ಗಾಳಿಯಲ್ಲಿ ತೂರಿದ ನಂಬರ್ ಅದು. 20 ಆದರೆ ಒಂದು ಉತ್ತರ, 30 ಆದರೆ ಇನ್ನೊಂದು ಉತ್ತರ ಅಂತ ಅವರೇ ಹೇಳುತ್ತಿದ್ದಾರೆ. ಹಾಗಾದರೆ 20ಓ 30ಓ ಅಂತ ಹೇಳುವವರು ಯಾರು? ಅದೇ ಮಾಡೆಲ್ ತಾನೇ? ವೇಗ ಸೀಸನ್‌ನಿಂದ ಸೀಸನ್‌ಗೆ ಎಷ್ಟು ಇಳಿಯುತ್ತಿದೆ, ಚೆಂಡು ಬಿಡುವ ಜಾಗ ಅಲುಗಾಡುತ್ತಿದೆಯಾ, ಸ್ಲೈಡರ್ (ಪಕ್ಕಕ್ಕೆ ತಿರುಗುವ ಎಸೆತ) ಎಷ್ಟು ಜಾಸ್ತಿ ಎಸೆಯುತ್ತಿದ್ದಾನೆ, ಎಲ್ಲ ಬೇಸ್‌ಬಾಲ್ ಸಾವಂಟ್ ವೆಬ್‌ಸೈಟ್‌ನಲ್ಲಿ ಬಿಟ್ಟಿಯಾಗಿ ಬಿದ್ದಿದೆ. ಪೈಬೇಸ್‌ಬಾಲ್ ಅನ್ನುವ ಪೈಥಾನ್ ಪ್ಯಾಕೇಜ್ ಹಾಕಿಕೊಂಡರೆ ನಾಲ್ಕು ಸಾಲು ಕೋಡ್‌ನಲ್ಲಿ ಇಳಿಯುತ್ತದೆ. ಅಷ್ಟು ಡೇಟಾ ಕೈಯಲ್ಲಿಟ್ಟುಕೊಂಡು ಕೈಲೆಕ್ಕ ಹಾಕಿದರೆ ತೀರ್ಪುಗಾರರು ನಗುತ್ತಾರೆ.

ಚರ್ಮುರಿ_ಪ್ರಿಯೆ:
ನಾನು ಮಾಡೆಲ್ ಬೇಡ ಅಂದೆನಾ? ಅದು ಯಾವ ಪ್ರಶ್ನೆಗೆ ಉತ್ತರ ಕೊಡಬೇಕು ಅಂತ ಮೊದಲು ಗೊತ್ತಿರಬೇಕು ಅಂದೆ. ಅವರ ಹುಡುಗರು ಕಟ್ಟುತ್ತಿರುವುದು ಮುಂದಿನ ವರ್ಷದ ವಾರ್ ಎಷ್ಟು ಅಂತ ಹೇಳುವ ಮಾಡೆಲ್. ಅದು 3.0 ಅಂದರೂ 3.3 ಅಂದರೂ ಇಲ್ಲಿ ತೀರ್ಮಾನ ನಿಂತಿರುವುದು ಬೇರೆ ಕಡೆ.

ಪಿಚ್_ರಿಪೋರ್ಟ್:
3.3 ಆದರೆ ವರ್ಷಕ್ಕೆ 2.4 ಮಿಲಿಯನ್ ಬೆಲೆ ಜಾಸ್ತಿ ಆಯಿತು. ಅದು ಸುಮ್ನೆ ಬಿಡುವ ದುಡ್ಡಲ್ಲ. ಸರಿ, ಗಾಯದ ಮಾಡೆಲ್ ಕಟ್ಟಲಿ ಅನ್ನುವುದಕ್ಕೆ ಒಪ್ಪಿದೆ.

ಥರ್ಡ್_ಅಂಪೈರ್:
ಮಾಡೆಲ್ ಕಟ್ಟುವವರು ಇನ್ನೊಂದು ವಿಷಯ ನೋಡಿಕೊಳ್ಳಿ. 2023ರಲ್ಲಿ ನಿಯಮಗಳು ಬದಲಾದವು. ಪಿಚ್ ಕ್ಲಾಕ್ (ಪಿಚರ್ ಇಷ್ಟು ಸೆಕೆಂಡಿನಲ್ಲಿ ಎಸೆಯಬೇಕು ಅನ್ನುವ ಗಡಿಯಾರ) ಬಂತು. ಬೇಸ್ 15 ಇಂಚಿನಿಂದ 18 ಇಂಚಿಗೆ ದೊಡ್ಡದಾಯಿತು. ಇನ್‌ಫೀಲ್ಡರ್‌ಗಳನ್ನು ಒಂದೇ ಕಡೆ ಗುಂಪು ನಿಲ್ಲಿಸುವ ಹಾಗಿಲ್ಲ, ಎರಡನೇ ಬೇಸ್‌ನ ಆಚೆ ಇಬ್ಬರು ಈಚೆ ಇಬ್ಬರು ಇರಲೇಬೇಕು. ಪಿಚರ್ ಪದೇ ಪದೇ ಬೇಸ್‌ಗೆ ಎಸೆದು ರನ್ನರ್‌ನ ಹೆದರಿಸುವುದಕ್ಕೂ ಮಿತಿ ಬಂತು. ಪರಿಣಾಮ ಏನು ಗೊತ್ತಾ? ಬೇಸ್ ಕದಿಯುವುದು (ಎಸೆತದ ಹೊತ್ತಿಗೆ ರನ್ನರ್ ಮುಂದಿನ ಬೇಸ್‌ಗೆ ಓಡಿಬಿಡುವುದು) 2022ರಲ್ಲಿ 2,486 ಇದ್ದದ್ದು 2023ರಲ್ಲಿ 3,503. ಹಳೆ ಡೇಟಾ ಹೊಸ ಡೇಟಾ ಎರಡನ್ನೂ ಕಲಸಿ ಮಾಡೆಲ್‌ಗೆ ತುಂಬಿದರೆ ಅದು ಯಾವ ಆಟದ ಬಗ್ಗೆ ಮಾತಾಡುತ್ತಿದೆ ಅಂತ ಅದಕ್ಕೇ ಗೊತ್ತಿರಲ್ಲ.

ಪಿಚ್_ರಿಪೋರ್ಟ್:
ಇದು ಒಳ್ಳೆ ಪಾಯಿಂಟ್. ಜೊತೆಗೆ 2020ರಲ್ಲಿ ಅಳೆಯುವ ಯಂತ್ರವೇ ಬದಲಾಯಿತು. ಅದಕ್ಕೆ ಮೊದಲು ಟ್ರ್ಯಾಕ್‌ಮ್ಯಾನ್ ರೇಡಾರ್, ಆಮೇಲೆ ಹಾಕ್-ಐ ಕ್ಯಾಮೆರಾ. ಸ್ಪಿನ್ ನಂಬರ್‌ಗಳನ್ನು 2019ರ ಜೊತೆ ನೇರ ಹೋಲಿಸುವಾಗ ಜೋಪಾನ.

ಹೊಸ_ಚೆಂಡು:
ಹಾಕ್-ಐ ಅಂದರೆ ನಮ್ಮ ಎಲ್‌ಬಿಡಬ್ಲ್ಯುದಾ?

ಪಿಚ್_ರಿಪೋರ್ಟ್:
ಅದೇ. 2001ರಲ್ಲಿ ಇಂಗ್ಲೆಂಡ್‌ನ ಚಾನೆಲ್ 4ನವರು ಕ್ರಿಕೆಟ್ ಪ್ರಸಾರಕ್ಕೆ ತಂದರು. ಬೇಸ್‌ಬಾಲ್‌ನವರು ಅದನ್ನು ಲೀಗ್ ಪೂರ್ತಿ ಹಾಕಿಸಿಕೊಂಡಿದ್ದು ಸುಮಾರು ಇಪ್ಪತ್ತು ವರ್ಷ ಬಿಟ್ಟು. ಎಸೆತ ಬಾಲೋ ಸ್ಟ್ರೈಕೋ ಅನ್ನುವ ಅಂಪೈರ್ ತೀರ್ಪನ್ನು ಪ್ರಶ್ನಿಸುವ ವ್ಯವಸ್ಥೆ ಅವರಿಗೆ 2026ಕ್ಕೆ ಬಂತು, ತಂಡಕ್ಕೆ ಎರಡು ಚಾಲೆಂಜ್, ಗೆದ್ದರೆ ಚಾಲೆಂಜ್ ಉಳಿಯುತ್ತದೆ. ಕೇಳಿದ ಹಾಗಿದೆ ಅಲ್ವಾ?

ಆರ್‌ಸಿಬಿ_ನಿಷ್ಠೆ:
ಡಿಆರ್‌ಎಸ್! ಅವರಿಗೂ ಯಾರಾದರೂ ಹೇಳಿಕೊಡಿ, ಬೌಲರ್ ಮಾತು ಕೇಳಿ ರಿವ್ಯೂ ತಗೋಬೇಡಿ ಅಂತ.

ಥರ್ಡ್_ಅಂಪೈರ್:
ಅಲ್ಲಿ ಪಿಚರ್, ಕ್ಯಾಚರ್, ಬ್ಯಾಟರ್ ಈ ಮೂವರಲ್ಲಿ ಒಬ್ಬರು ಮಾತ್ರ ಕೇಳಬಹುದು, ತಲೆ ಮೇಲಿನ ಟೋಪಿನೋ ಹೆಲ್ಮೆಟ್ಟೋ ತಟ್ಟಿ. ಡಗ್‌ಔಟ್‌ನಿಂದ ಸನ್ನೆ ಮಾಡುವ ಹಾಗಿಲ್ಲ. ಕ್ಲಬ್‌ಗಳು ಪಿಚರ್‌ಗೆ ಆ ಅಧಿಕಾರ ಕೊಡಲು ಹಿಂದೆಮುಂದೆ ನೋಡಿದರೆ ಆಶ್ಚರ್ಯ ಇಲ್ಲ. ಎಸೆದವನಿಗೆ ಎಲ್ಲವೂ ಸ್ಟ್ರೈಕೇ.

ಕಾನೂನು_ಕಾಲೇಜ್:
ವಿಷಯಕ್ಕೆ ವಾಪಸ್ ಬರುತ್ತೇನೆ. ಆರ್ಬಿಟ್ರೇಶನ್‌ನ 40-60-80 ಲೆಕ್ಕವನ್ನು ಅಷ್ಟು ಗಟ್ಟಿಯಾಗಿ ನಂಬಬೇಡಿ. ಅಲ್ಲಿ ನಡೆಯುವುದು ಹೀಗೆ: ಆಟಗಾರ ಒಂದು ಮೊತ್ತ ಬರೆಯುತ್ತಾನೆ, ಕ್ಲಬ್ ಒಂದು ಮೊತ್ತ ಬರೆಯುತ್ತದೆ. ಮೂವರು ಆರ್ಬಿಟ್ರೇಟರ್‌ಗಳು ಎರಡರಲ್ಲಿ ಒಂದನ್ನು ಆರಿಸಬೇಕು. ಮಧ್ಯದ ಮೊತ್ತ ಕೊಡುವ ಅಧಿಕಾರ ಅವರಿಗೆ ಇಲ್ಲ. ಹಾಗಾಗಿ ಇಬ್ಬರೂ ತೀರಾ ಅತಿಯಾಗಿ ಬರೆಯಲು ಹೆದರುತ್ತಾರೆ, ಬಹಳಷ್ಟು ಕೇಸ್ ವಿಚಾರಣೆಗೆ ಮೊದಲೇ ರಾಜಿಯಾಗುತ್ತವೆ.

ಮತ್ತೆ ಅಲ್ಲಿ ವಾದ ನಡೆಯುವುದು ಹೊಸ ಹೊಸ ಮೆಟ್ರಿಕ್ ಮೇಲೆ ಅಲ್ಲ. ಎಷ್ಟು ಇನಿಂಗ್ಸ್ ಎಸೆದ, ಎಷ್ಟು ಗೆಲುವು, ಇಆರ್‌ಎ (ಒಂಬತ್ತು ಇನಿಂಗ್ಸ್‌ಗೆ ಸರಾಸರಿ ಎಷ್ಟು ರನ್ ಬಿಟ್ಟ ಅನ್ನುವುದು) ಎಷ್ಟು, ಅದೇ ಸರ್ವಿಸ್ ಆದ ಬೇರೆ ಪಿಚರ್‌ಗಳಿಗೆ ಎಷ್ಟು ಸಿಕ್ಕಿತು, ಇವು ಮುಖ್ಯ. ಕಾನೂನು ವಿದ್ಯಾರ್ಥಿಗಳಿಗಂತಲೇ ನ್ಯೂ ಆರ್ಲಿಯನ್ಸ್‌ನ ಟುಲೇನ್ ವಿಶ್ವವಿದ್ಯಾಲಯದಲ್ಲಿ ಬೇಸ್‌ಬಾಲ್ ಆರ್ಬಿಟ್ರೇಶನ್ ಸ್ಪರ್ಧೆ ನಡೆಯುತ್ತದೆ, ನಿಜವಾದ ಆಟಗಾರರ ಹೆಸರಲ್ಲೇ ವಾದ. ನಿಮ್ಮ ಡೇಟಾ ಸೈನ್ಸ್ ಹುಡುಗರು ಅಂಥ ಒಂದು ವಾದ ಕೇಳಿದರೆ ಒಳ್ಳೆಯದು. ವಾರ್ 3 ಇದ್ದರೂ ಇಆರ್‌ಎ ಕೆಟ್ಟದಾಗಿದ್ದರೆ ಆ ವರ್ಷ ಸಂಬಳ ಕಮ್ಮಿಯೇ.

ಮರಳುಗಾಡಿನ_ಮಲೆನಾಡಿಗ:
ಇದು ನಮಗೆ ಹೊಳೆದೇ ಇರಲಿಲ್ಲ ಸರ್. ಹಾಗಾದರೆ ಆಟಗಾರನ ಬೆಲೆಗೆ ಒಂದು ಲೆಕ್ಕ, ಅವನ ಸಂಬಳಕ್ಕೆ ಇನ್ನೊಂದು ಲೆಕ್ಕ ಹಾಕಬೇಕು. ಅಂದ ಹಾಗೆ ಫ್ಯಾನ್‌ಗ್ರಾಫ್ಸ್ ಸೈಟಿನ ವಾರ್ ತಗೋಬೇಕಾ, ಬೇಸ್‌ಬಾಲ್ ರೆಫರೆನ್ಸ್ ಸೈಟಿನ ವಾರ್ ತಗೋಬೇಕಾ? ನಮ್ಮ ಪಿಚರ್‌ಗೆ ಎರಡೂ ಬೇರೆ ಬೇರೆ ಬರುತ್ತಿದೆ.

ಪಿಚ್_ರಿಪೋರ್ಟ್:
ಬರಲೇಬೇಕು. ಫ್ಯಾನ್‌ಗ್ರಾಫ್ಸ್‌ನದು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್), ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಬಿಟ್ಟಿ ಬೇಸ್), ಹೋಮ್ ರನ್ ಮೇಲೆ ನಿಂತಿದೆ, ಅಂದರೆ ಫೀಲ್ಡರ್‌ಗಳ ಕೈವಾಡ ಇಲ್ಲದ್ದು. ಬೇಸ್‌ಬಾಲ್ ರೆಫರೆನ್ಸ್‌ನದು ಅವನು ನಿಜವಾಗಿ ಬಿಟ್ಟುಕೊಟ್ಟ ರನ್ ಮೇಲೆ. ಮುಂದೆ ಏನಾಗುತ್ತದೆ ಅನ್ನುವುದಕ್ಕೆ ಮೊದಲನೆಯದು ಹತ್ತಿರ. ಯಾವುದಾದರೂ ಒಂದು ಹಿಡಿದು, ಯಾಕೆ ಅಂತ ಒಂದು ಸಾಲು ಹೇಳಿ. ಎರಡರ ಸರಾಸರಿ ತಗೋಬೇಡಿ. ಕೇಳಿದರೆ ಸಮರ್ಥನೆ ಇರಲ್ಲ.

ಬೇ_ಏರಿಯಾ_ಅಪ್ಪ:
ಈ ಅನಾಲಿಟಿಕ್ಸ್‌ನಿಂದಲೇ ಆಟ ಹಾಳಾಗಿದ್ದು ಕಣ್ರಪ್ಪಾ. 2020ರ ವರ್ಲ್ಡ್ ಸೀರೀಸ್ (ಲೀಗ್‌ನ ಫೈನಲ್ ಸರಣಿ) ಆರನೇ ಪಂದ್ಯ ನೆನಪಿದೆಯಾ? ಟ್ಯಾಂಪಾ ಬೇ ತಂಡ 1-0 ಮುಂದಿದೆ. ಅವರ ಪಿಚರ್ ಬ್ಲೇಕ್ ಸ್ನೆಲ್ 73 ಪಿಚ್ ಎಸೆದಿದ್ದಾನೆ, ಒಂಬತ್ತು ಸ್ಟ್ರೈಕ್‌ಔಟ್, ಕೊಟ್ಟಿದ್ದು ಎರಡೇ ಹಿಟ್. ಆರನೇ ಇನಿಂಗ್ಸ್, ಒಂದು ಔಟ್. ಮುಂದೆ ಬರುವ ಮೂವರು ಬೆಟ್ಸ್, ಸೀಗರ್, ಟರ್ನರ್. ಆ ದಿನ ಆ ಮೂವರೂ ಅವನ ಎದುರು ಆರಕ್ಕೆ ಆರು ಸಲ ಸ್ಟ್ರೈಕ್‌ಔಟ್. ತಂಡದ ಮ್ಯಾನೇಜರ್ ಕೆವಿನ್ ಕ್ಯಾಶ್ ಬಂದು ಚೆಂಡು ಕಿತ್ತುಕೊಂಡ. ಯಾಕೆ? ಬ್ಯಾಟರ್‌ಗಳು ಒಬ್ಬನೇ ಪಿಚರ್‌ನ ಮೂರನೇ ಸಲ ಎದುರಿಸಿದಾಗ ಚೆನ್ನಾಗಿ ಹೊಡೆಯುತ್ತಾರೆ ಅಂತ ಶೀಟ್ ಹೇಳಿತಂತೆ! ನಿಕ್ ಆಂಡರ್ಸನ್ ಬಂದ, ಬೆಟ್ಸ್ ಡಬಲ್ ಹೊಡೆದ, ಡಾಡ್ಜರ್ಸ್ 3-1ಕ್ಕೆ ಗೆದ್ದು ಕಪ್ ತಗೊಂಡು ಹೋದರು. ಕಣ್ಣೆದುರು ಕಾಣುವುದನ್ನು ನಂಬದವರಿಗೆ ಹೀಗೇ ಆಗಬೇಕು.

ಪಿಚ್_ರಿಪೋರ್ಟ್:
ಅಪ್ಪಾಜಿ, ಇನ್ನರ್ಧ ಕಥೆಯನ್ನೂ ಹೇಳಿ. ಆ ಸೀಸನ್ ಪೂರ್ತಿ ಸ್ನೆಲ್ ಒಂದು ಪಂದ್ಯದಲ್ಲೂ ಆರು ಇನಿಂಗ್ಸ್ ಮುಗಿಸಿರಲಿಲ್ಲ. ಕಡಿಮೆ ದುಡ್ಡಿನ ಆ ತಂಡ ವರ್ಲ್ಡ್ ಸೀರೀಸ್‌ವರೆಗೆ ಬಂದಿದ್ದೇ ಇಂಥ ತೀರ್ಮಾನಗಳಿಂದ. 2018ರಲ್ಲಿ ಸರ್ಜಿಯೊ ರೋಮೊನ ಮೊದಲ ಇನಿಂಗ್ಸ್‌ಗೆ ಮಾತ್ರ ಇಳಿಸಿ ಓಪನರ್ ಅಂತ ಶುರು ಮಾಡಿದವರೂ ಅವರೇ. ಆಗ ಎಲ್ಲರೂ ನಕ್ಕರು, ಆಮೇಲೆ ಎಲ್ಲರೂ ಮಾಡಿದರು.

ಬೇ_ಏರಿಯಾ_ಅಪ್ಪ:
ಬರುವುದು ಬೇರೆ, ಗೆಲ್ಲುವುದು ಬೇರೆ.

ಚರ್ಮುರಿ_ಪ್ರಿಯೆ:
ನನಗೆ ಇಲ್ಲಿ ಇಬ್ಬರದೂ ಅರ್ಧರ್ಧ ಸರಿ ಅನಿಸುತ್ತದೆ. ಮೂರನೇ ಸಲದ ನಿಯಮ ಸರಾಸರಿ ಪಿಚರ್‌ಗೆ ಸರಿ. ಅವತ್ತಿನ ಪ್ರಶ್ನೆ ಸ್ನೆಲ್ ಸುಸ್ತಾಗಿದ್ದಾನಾ ಅಂತ ಮಾತ್ರ ಇರಲಿಲ್ಲ. ಅವನ ಬದಲು ಬರುವವನು ಇವನಿಗಿಂತ ಉತ್ತಮವಾ ಅಂತ ಕೇಳಬೇಕಿತ್ತು. ಆಂಡರ್ಸನ್ ಆ ಪೋಸ್ಟ್‌ಸೀಸನ್‌ನಲ್ಲಿ ಪಂದ್ಯದ ಮೇಲೆ ಪಂದ್ಯ ರನ್ ಕೊಡುತ್ತಿದ್ದ. ಕೇಸ್ ಸ್ಪರ್ಧೆಗೆ ಇದು ಸಖತ್ ಉದಾಹರಣೆ. ನಂಬರ್ ಸರಿ ಇತ್ತು, ಯಾವುದರ ಜೊತೆ ಹೋಲಿಸಬೇಕು ಅನ್ನುವುದರಲ್ಲಿ ಎಡವಿದರು.

ಆರ್‌ಸಿಬಿ_ನಿಷ್ಠೆ:
ಹದಿನೆಂಟು ವರ್ಷ ನಾವು ಕಣ್ಣಿಗೆ ಕಂಡಿದ್ದನ್ನೇ ನಂಬಿದೆವು, ದೊಡ್ಡ ದೊಡ್ಡ ಬ್ಯಾಟರ್‌ಗಳನ್ನೇ ಕೊಂಡೆವು. 2025ರಲ್ಲಿ ಬೌಲಿಂಗ್ ಸರಿ ಮಾಡಿಕೊಂಡೆವು, ಕಪ್ ನಮ್ದಾಯ್ತು. ಅಷ್ಟೇ ಹೇಳುವುದು.

ಸುಮ್ನೆ_ಓದೋನು:
ಯಾವ ಚರ್ಚೆ ಇದ್ದರೂ ಇವರು ಕಪ್ ತಂದು ಇಡುತ್ತಾರೆ ನೋಡಿ.

ಥರ್ಡ್_ಅಂಪೈರ್:
ಮಲೆನಾಡಿಗರ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಕ್ರಿಕೆಟ್ ಗೊತ್ತಿರುವುದು ಖಂಡಿತ ಉಪಯೋಗಕ್ಕೆ ಬರುತ್ತದೆ. ಡಕ್ವರ್ತ್-ಲೂಯಿಸ್ ಗೊತ್ತಲ್ಲ? 1997ರ ಜನವರಿ 1ರಂದು ಹರಾರೆಯಲ್ಲಿ ಜಿಂಬಾಬ್ವೆ-ಇಂಗ್ಲೆಂಡ್ ಪಂದ್ಯಕ್ಕೆ ಮೊದಲು ಬಳಸಿದ್ದು. ಇನ್ನು ಎಷ್ಟು ಓವರ್ ಇದೆ, ಎಷ್ಟು ವಿಕೆಟ್ ಇದೆ, ಅದರಿಂದ ಇನ್ನೂ ಎಷ್ಟು ರನ್ ಬರಬಹುದು ಅನ್ನುವ ಪಟ್ಟಿ. ಬೇಸ್‌ಬಾಲ್‌ನಲ್ಲೂ ಅಂಥದ್ದೇ ಇದೆ. ಬೇಸ್‌ಗಳಲ್ಲಿ ಯಾರು ಯಾರು ನಿಂತಿದ್ದಾರೆ ಅನ್ನುವುದಕ್ಕೆ 8 ಬಗೆ, ಔಟ್ 0, 1, 2 ಅಂತ ಮೂರು ಬಗೆ. ಒಟ್ಟು 24 ಮನೆಯ ಒಂದು ಪಟ್ಟಿ, ಪ್ರತಿ ಮನೆಯಲ್ಲೂ ಈ ಇನಿಂಗ್ಸ್‌ನಲ್ಲಿ ಇನ್ನೆಷ್ಟು ರನ್ ಅನ್ನುವ ಸರಾಸರಿ.

ಒಂದು ಉದಾಹರಣೆ. ಮೊದಲ ಬೇಸ್‌ನಲ್ಲಿ ಒಬ್ಬ, ಔಟ್ ಇಲ್ಲ: ಸುಮಾರು 0.86 ರನ್. ಬಂಟ್ ಮಾಡಿ (ಚೆಂಡನ್ನು ಮೆಲ್ಲಗೆ ತಟ್ಟಿ) ಅವನನ್ನು ಎರಡನೇ ಬೇಸ್‌ಗೆ ಕಳಿಸಿ ಒಂದು ಔಟ್ ಕೊಟ್ಟರೆ: ಸುಮಾರು 0.66. ಔಟ್ ಕೊಟ್ಟು ಬೇಸ್ ಕೊಂಡರೆ ರನ್ ಕಮ್ಮಿಯಾಯಿತು. ಒಂದೇ ರನ್ ಸಾಕು ಅನ್ನುವ ಕೊನೆ ಗಳಿಗೆಯಲ್ಲಿ ಮಾತ್ರ ಅದಕ್ಕೆ ಅರ್ಥ ಇದೆ. ಕ್ರಿಕೆಟ್‌ನವರಿಗೆ ವಿಕೆಟ್ ಕೂಡ ದುಡ್ಡಿನ ಹಾಗೆ ಖರ್ಚು ಮಾಡುವಂಥದ್ದು ಅಂತ ಹೇಳಿಕೊಡಬೇಕಾಗಿಲ್ಲ.

ಹೊಸ_ಚೆಂಡು:
ಆದರೆ ಕ್ರಿಕೆಟ್ ತಲೆ ತೊಂದರೆಯನ್ನೂ ಕೊಡುತ್ತದಲ್ವಾ? ನಾನು ಬೇಸ್‌ಬಾಲ್ ನೋಡುವಾಗ ಹತ್ತರಲ್ಲಿ ಏಳು ಸಲ ಔಟಾಗುವವನನ್ನು ಸ್ಟಾರ್ ಅನ್ನುತ್ತಾರಲ್ಲ, ಅದು ಜೀರ್ಣವಾಗಲು ಬಹಳ ದಿನ ಬೇಕಾಯಿತು.

ಥರ್ಡ್_ಅಂಪೈರ್:
ಹೌದು. ಅದಕ್ಕೇ ಬ್ಯಾಟಿಂಗ್ ಸರಾಸರಿ ಬಿಟ್ಟು ಆನ್-ಬೇಸ್ (ಎಷ್ಟು ಸಲ ಬೇಸ್ ತಲುಪಿದ ಅನ್ನುವುದು) ನೋಡಿ ಅಂತಾರೆ. ಓಕ್ಲಂಡ್ ಎ'ಸ್‌ನವರು 2002ರಲ್ಲಿ ಸುಮಾರು 40 ಮಿಲಿಯನ್ ಸಂಬಳದ ತಂಡ ಇಟ್ಟುಕೊಂಡು 103 ಪಂದ್ಯ ಗೆದ್ದಿದ್ದು, ಸತತ 20 ಗೆದ್ದಿದ್ದು, ವಾಕ್ ತಗೊಂಡು ಬೇಸ್‌ಗೆ ಹೋಗುವವರು ಅಗ್ಗಕ್ಕೆ ಸಿಗುತ್ತಿದ್ದಾರೆ ಅಂತ ಗೊತ್ತಿದ್ದರಿಂದ.

ಬೇ_ಏರಿಯಾ_ಅಪ್ಪ:
ಜಿಟೊ, ಹಡ್ಸನ್, ಮಲ್ಡರ್ ಅಂತ ಮೂರು ಜನ ಪಿಚರ್ ಇದ್ದರು ಆ ತಂಡದಲ್ಲಿ, ಅವರ ಹೆಸರನ್ನು ಯಾರೂ ಎತ್ತಲ್ಲ. ತೇಹಾದ ಅಂತ ಎಂವಿಪಿ ಇದ್ದ. ಎಲ್ಲ ವಾಕ್‌ನಿಂದಲೇ ಆಯಿತಂತೆ! ಈಗ ಆ ಟೀಮೇ ಓಕ್ಲಂಡ್ ಬಿಟ್ಟು ಹೋಯಿತು, 2025ರಿಂದ ಸ್ಯಾಕ್ರಮೆಂಟೊದಲ್ಲಿ ಆಡುತ್ತಿದೆ. ಅದಕ್ಕೆ ಯಾವ ಮಾಡೆಲ್ ಉತ್ತರ ಕೊಡುತ್ತದೋ ನೋಡೋಣ.

ಪಿಚ್_ರಿಪೋರ್ಟ್:
ಈ ಒಂದು ವಿಷಯದಲ್ಲಿ ಅಪ್ಪಾಜಿ ಹೇಳಿದ್ದು ನೂರಕ್ಕೆ ನೂರು ಸರಿ.

ಎಕ್ಸೆಲ್_ಅಣ್ಣ:
ಅಳೆಯುವ ಯಂತ್ರಗಳ ಮಾತು ಬಂತಲ್ಲ, ಕರ್ನಾಟಕದ ಒಂದು ವಿಷಯ ಹೇಳುತ್ತೇನೆ. ನಮ್ಮ ಕುಂಬ್ಳೆ ಅವರ ಸ್ಪೆಕ್ಟಾಕಾಮ್ ಕಂಪನಿ 2018ರಲ್ಲೇ ಬ್ಯಾಟ್ ಹಿಂಬದಿಗೆ ಅಂಟಿಸುವ ಚಿಕ್ಕ ಸೆನ್ಸರ್ ತಂದಿತ್ತು. ಬ್ಯಾಟ್ ವೇಗ, ಚೆಂಡು ಎಲ್ಲಿ ತಾಗಿತು, ಎಲ್ಲ ಅಳೆಯುವುದು. ಸ್ಟ್ಯಾಟ್‌ಕ್ಯಾಸ್ಟ್‌ನವರು ಬ್ಯಾಟ್ ವೇಗದ ನಂಬರ್ ಜನರಿಗೆ ಬಿಟ್ಟಿದ್ದು 2024ರ ಮೇನಲ್ಲಿ. ಅಲ್ಲಿ ಗಂಟೆಗೆ 75 ಮೈಲಿ ದಾಟಿದರೆ ವೇಗದ ಸ್ವಿಂಗ್ ಅಂತ ಲೆಕ್ಕ.

ಮರಳುಗಾಡಿನ_ಮಲೆನಾಡಿಗ:
ಇದನ್ನು ತಂಡದವರಿಗೆ ಹೇಳಿ ಸ್ವಲ್ಪ ಮೀಸೆ ತಿರುವಿಕೊಂಡೆ. :) ಇನ್ನೊಂದು ಕೇಳಬೇಕಿತ್ತು. ಈ ಸ್ಪರ್ಧೆ ಗೆದ್ದರೆ ಕ್ಲಬ್‌ಗಳಲ್ಲಿ ಕೆಲಸ ಸಿಗುತ್ತದಾ? ಅಮ್ಮ ಫೋನ್ ಮಾಡಿದಾಗಲೆಲ್ಲ ಅದನ್ನೇ ಕೇಳುತ್ತಾರೆ.

ಚರ್ಮುರಿ_ಪ್ರಿಯೆ:
ಗೆದ್ದ ತಕ್ಷಣ ಆಫರ್ ಲೆಟರ್ ಬರುತ್ತದೆ ಅಂತ ಕನಸು ಕಾಣಬೇಡಿ. ಆದರೆ ಸಮ್ಮೇಳನ ಮಾರ್ಚ್‌ನಲ್ಲಿ ಫೀನಿಕ್ಸ್‌ನಲ್ಲೇ ಯಾಕೆ ನೋಡಿ. ಕ್ಯಾಕ್ಟಸ್ ಲೀಗ್ ಅಂತ 15 ಕ್ಲಬ್‌ಗಳು ಆಗ ಅಲ್ಲೇ ಸುತ್ತಮುತ್ತ ಸ್ಪ್ರಿಂಗ್ ಟ್ರೇನಿಂಗ್‌ನಲ್ಲಿ (ಸೀಸನ್‌ಗೆ ಮೊದಲಿನ ಅಭ್ಯಾಸ) ಇರುತ್ತವೆ. ಆಫೀಸಿನವರೆಲ್ಲ ಊರಲ್ಲೇ ಇರುತ್ತಾರೆ. ಸ್ಪರ್ಧೆಯನ್ನು 2012ರಿಂದ ನಡೆಸಿಕೊಂಡು ಬಂದಿರುವ ವಿನ್ಸ್ ಜೆನ್ನಾರೊ ಸೇಬರ್ ಅಧ್ಯಕ್ಷರಾಗಿದ್ದವರು, ಕ್ಲಬ್‌ಗಳಿಗೆ ಸಲಹೆ ಕೊಟ್ಟವರು. ನಿಮ್ಮ ಮಾತು ಚೆನ್ನಾಗಿದ್ದರೆ ಹೊರಗೆ ಕಾರಿಡಾರ್‌ನಲ್ಲಿ ಯಾರಾದರೂ ಬಂದು ಮಾತಾಡಿಸುತ್ತಾರೆ. ಅಲ್ಲಿಂದ ಇಂಟರ್ನ್‌ಶಿಪ್.

ಎಕ್ಸೆಲ್_ಅಣ್ಣ:
ವೀಸಾ ಮರೆಯಬೇಡ ತಮ್ಮಾ. ಓಪಿಟಿ (ಓದು ಮುಗಿದ ಮೇಲೆ ವಿದ್ಯಾರ್ಥಿ ವೀಸಾದಲ್ಲೇ ಕೆಲಸ ಮಾಡುವ ಅವಕಾಶ) 12 ತಿಂಗಳು, ಸ್ಟೆಮ್ (ವಿಜ್ಞಾನ, ತಂತ್ರಜ್ಞಾನದ ಪದವಿ) ಆದರೆ ಇನ್ನೂ 24. ಸ್ಟೆಮ್‌ನ 24 ಬೇಕಾದರೆ ಕೆಲಸ ಕೊಡುವವರು ಇ-ವೆರಿಫೈನಲ್ಲಿ (ಕೆಲಸದ ಅರ್ಹತೆ ಪರಿಶೀಲಿಸುವ ಸರ್ಕಾರಿ ವ್ಯವಸ್ಥೆ) ಇರಬೇಕು. ಅರ್ಜಿ ಹಾಕುವ ಮೊದಲೇ ಕೇಳಿಬಿಡು, ನಾಚಿಕೆ ಬೇಡ. ನನಗೆ ಗೊತ್ತಿರುವ ಹುಡುಗನೊಬ್ಬ ಕೊನೆ ಸುತ್ತಿನವರೆಗೆ ಹೋಗಿ ಈ ಕಾರಣಕ್ಕೇ ವಾಪಸ್ ಬಂದ.

ಮರಳುಗಾಡಿನ_ಮಲೆನಾಡಿಗ:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಕೂತು ಮಾತಾಡಿದೆವು. ಮಾಡೆಲ್ ಹುಡುಗರು ಗಾಯದ ಸಾಧ್ಯತೆ ಲೆಕ್ಕ ಹಾಕುತ್ತಾರೆ. ಹೋಲಿಕೆಗೆ ಸಿಗುವ ಪಿಚರ್‌ಗಳನ್ನು ಹೇಗೆ ಆರಿಸಿದರೂ 20ರಿಂದ 32ರ ನಡುವೆ ಓಡಾಡುತ್ತಿದೆ. ಅಂದರೆ 27ರ ಆಚೆಗೂ ಈಚೆಗೂ. ಈಗ ಏನು ಹೇಳುವುದು? ಸೈನ್ ಮಾಡಿ ಅನ್ನಬೇಕಾ, ಬೇಡ ಅನ್ನಬೇಕಾ?

ಪಿಚ್_ರಿಪೋರ್ಟ್:
ಸರಾಸರಿ 26. ಸೈನ್.

ಚರ್ಮುರಿ_ಪ್ರಿಯೆ:
ಒಂದು ಪರ್ಸೆಂಟ್ ಅಂತರ ನಂಬಿಕೊಂಡು 70 ಮಿಲಿಯನ್ ಕೊಡುತ್ತೀರಾ? ಪ್ರಶ್ನೆಯಲ್ಲಿ ಎರಡೇ ದಾರಿ ಕೊಟ್ಟಿದ್ದಾರೆ ಅಂತ ಎರಡರಲ್ಲೇ ಒದ್ದಾಡಬೇಡಿ. ಮೂರನೆಯದು ಇದೆ. ನಾಲ್ಕು ವರ್ಷ ಗ್ಯಾರಂಟಿ, ಕೊನೆಯ ಎರಡು ವರ್ಷ ಕ್ಲಬ್ ಆಪ್ಶನ್. ಬೇಕಾದರೆ ಕ್ಲಬ್ ಇಟ್ಟುಕೊಳ್ಳುತ್ತದೆ, ಬೇಡವಾದರೆ ಬಿಡುತ್ತದೆ. 2019ರಲ್ಲಿ ಅಟ್ಲಾಂಟಾದವರು ಅಕೂನ್ಯಗೆ 8 ವರ್ಷಕ್ಕೆ 100 ಮಿಲಿಯನ್ ಕೊಟ್ಟಾಗ ಕೊನೆಗೆ 17 ಮಿಲಿಯನ್‌ನ ಎರಡು ಆಪ್ಶನ್ ಸೇರಿಸಿಕೊಂಡಿದ್ದರು.

ನಿಮ್ಮ ಪಿಚರ್‌ಗೆ 38 ಗ್ಯಾರಂಟಿ, 20ರ ಎರಡು ಆಪ್ಶನ್ ಅಂತ ಇಡಿ. ಚೆನ್ನಾಗಿ ಆಡಿದರೆ ಒಟ್ಟು 78, ಕೈ ಕೆಟ್ಟರೆ 38ಕ್ಕೆ ಮುಗಿಯಿತು. ನಾಲ್ಕರಲ್ಲಿ ಒಂದು ಲೆಕ್ಕ ಹಿಡಿದರೆ 58.5 ಮತ್ತು 9.5, ಒಟ್ಟು 68. ಎರಡು ದಾರಿಗಿಂತಲೂ ಅಗ್ಗ. ಮಾಡೆಲ್ 32 ಅಂದರೂ ಆರು ವರ್ಷದ ಕಾಗದದ ಹಾಗೆ ಪೂರ್ತಿ ಮುಳುಗಲ್ಲ.

ಕಾನೂನು_ಕಾಲೇಜ್:
ಕ್ಲಬ್‌ಗೇನೋ ಚೆಂದ. ಆಟಗಾರನ ಏಜೆಂಟ್ ಯಾಕೆ ಒಪ್ಪಬೇಕು? 70 ಗ್ಯಾರಂಟಿ ಅಂದಿದ್ದವರು 38ಕ್ಕೆ ಇಳಿದರೆ ಎದ್ದು ಹೋಗುತ್ತಾನೆ. ಕ್ಲಬ್ ಆಪ್ಶನ್ ಬೇಡ ಅಂದರೆ ಬೈಔಟ್ (ಬಿಟ್ಟಾಗ ಕೊಡುವ ಪರಿಹಾರ) ಕೊಡಿ ಅನ್ನುತ್ತಾನೆ. ತೀರ್ಪುಗಾರರು ಖಂಡಿತ ಇದನ್ನು ಕೇಳುತ್ತಾರೆ. ನಿಮ್ಮಲ್ಲಿ ಒಬ್ಬರನ್ನು ಏಜೆಂಟ್ ಮಾಡಿ ಕೂರಿಸಿ, ಉಳಿದವರು ಚೌಕಾಸಿ ಮಾಡಿ ನೋಡಿ.

ಮರಳುಗಾಡಿನ_ಮಲೆನಾಡಿಗ:
ಮಾಡಿದೆವು ಸರ್. ಎಕ್ಸ್‌ಜಿಬೂಸ್ಟ್ ಹುಡುಗನನ್ನೇ ಏಜೆಂಟ್ ಮಾಡಿದೆವು. ಅವನಿಗೆ ಪಾತ್ರ ಮೈಮೇಲೆ ಬಂದ ಹಾಗಿದೆ. ಆಪ್ಶನ್ ಬೇಕಾದರೆ 52 ಗ್ಯಾರಂಟಿ, ಅದಕ್ಕಿಂತ ಒಂದು ಡಾಲರ್ ಕಮ್ಮಿಯಾದರೂ ಪೆನ್ನು ಮುಟ್ಟಲ್ಲ ಅಂತ ಕೂತಿದ್ದಾನೆ.

ಎಕ್ಸೆಲ್_ಅಣ್ಣ:
52 ಆದರೆ ಬೇಡವೇ ಬೇಡ. ಆಪ್ಶನ್ ಎರಡರದು 40, ಅದರ ಮುಕ್ಕಾಲು 30. ವರ್ಷ ವರ್ಷದ ದಾರಿಗೆ 71.6. ಅದರಲ್ಲಿ 30 ಕಳೆದರೆ 41.6. ಅಲ್ಲಿವರೆಗೆ ಎಳೆಯಲಿ, ದಾಟಿದರೆ ಕೈಮುಗಿದು ವರ್ಷ ವರ್ಷ ಕೊಡುತ್ತೇವೆ ಅನ್ನಿ. ಆ 41.6ನ್ನು ಸ್ಲೈಡ್‌ನಲ್ಲಿ ದೊಡ್ಡ ಅಕ್ಷರದಲ್ಲಿ ಹಾಕು.

ಕಾನೂನು_ಕಾಲೇಜ್:
ಸ್ಲೈಡ್‌ನಲ್ಲಿ ಹಾಕಿ, ಆದರೆ ಏಜೆಂಟ್ ಹುಡುಗನಿಗೆ ಮಾತ್ರ ಇವತ್ತು ತೋರಿಸಬೇಡಿ.